ಒಂದು ಕಿಲೋಮೀಟರಿನ ವೃತ್ತ: ಆರ್‌ಟಿಇ ಸೀಟಿನ ಗಡಿ ಎಳೆಯೋರು ಯಾರು?

ವಿಡಿಯೊ ನೋಡೋಕೆ ಪುರುಸೊತ್ತಿಲ್ಲದವರಿಗೆ, ಹಿಂಜವಡಿ ಟ್ರಾಫಿಕ್‌ನಲ್ಲಿ ಕ್ಯಾಬ್ ಒಳಗೆ ಕೂತು ಓದೋವರಿಗೆ ಈ ಬರಹ. ಮಾತಾಡಿದ್ದನ್ನೇ ಸ್ವಲ್ಪ ತಿದ್ದಿದ್ದೀನಿ, ವಿಡಿಯೊದಲ್ಲಿ ಹೇಳೋಕೆ ಸಮಯ ಸಿಗದ ಅಂಕಿಅಂಶಗಳನ್ನ ಸೇರಿಸಿದ್ದೀನಿ.

ನಮ್ಮಲ್ಲಿ ಒಂದಷ್ಟು ಜನ ಅಮೆರಿಕದಲ್ಲಿ ನಾಲ್ಕೈದು ವರ್ಷ ಇದ್ದು ಬಂದವರಿದ್ದೀರಿ. ಅಲ್ಲಿ ಬಾಡಿಗೆ ಮನೆ ಹುಡುಕುವಾಗ ಮೊದಲು ಏನು ನೋಡ್ತಿದ್ರಿ? ಶಾಲೆ. ಈ ಬೀದಿ ಈ ಶಾಲೆಗೆ ಸೇರುತ್ತೆ, ಆ ಬೀದಿ ಇನ್ನೊಂದಕ್ಕೆ. ಸ್ಕೂಲ್ ಡಿಸ್ಟ್ರಿಕ್ಟ್ ಯಾವಾಗಲಾದರೂ ಆ ಗೆರೆಯನ್ನ ಅಳಿಸಿ ಬೇರೆ ಕಡೆ ಎಳೆದರೆ ಮುಗೀತು, ಬೋರ್ಡ್ ಮೀಟಿಂಗ್‌ನಲ್ಲಿ ಪಾಲಕರು ತುಂಬಿ ತುಳುಕ್ತಾರೆ. ನಮ್ಮ ದೇಶದಲ್ಲಿ ಇಂಥ ಗಡಿ ಇಲ್ಲ, ಫೀಸು ಕಟ್ಟಿದರೆ ಯಾವ ಶಾಲೆಗಾದರೂ ಹಾಕಬಹುದು ಅಂತ ನಾವು ಅಂದುಕೊಂಡಿರ್ತೀವಿ. ಗಡಿ ಇದೆ. ನಮ್ಮ ಮಕ್ಕಳಿಗೆ ಇಲ್ಲ, ಅಷ್ಟೆ. ನಮ್ಮ ಸೊಸೈಟಿ ವಾಚ್‌ಮನ್ ಮಕ್ಕಳಿಗೆ, ಅಡುಗೆಯವರ ಮಕ್ಕಳಿಗೆ, ಡ್ರೈವರ್ ಮಕ್ಕಳಿಗೆ ಇದೆ. ಪುಣೆಯಲ್ಲಿ ಈ ಕೆಲಸದವರಲ್ಲಿ ಎಷ್ಟೋ ಜನ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರೇ ಅನ್ನೋದು ನಿಮಗೆ ಗೊತ್ತೇ ಇದೆ.

ಆ ಗಡಿಯ ಹೆಸರು 'ನೆರೆಹೊರೆ'. ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅದರ 12(1)(ಸಿ) ಹೇಳೋದು ಇಷ್ಟು: ಅನುದಾನ ಪಡೆಯದ ಖಾಸಗಿ ಶಾಲೆ ತನ್ನ ಒಂದನೇ ಕ್ಲಾಸಿನ ಸೀಟುಗಳಲ್ಲಿ ಕನಿಷ್ಠ ಶೇ. 25ನ್ನ ನೆರೆಹೊರೆಯ ಬಡ ಮತ್ತು ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಕೊಡಬೇಕು, ಎಂಟನೇ ಕ್ಲಾಸಿನ ತನಕ ಫೀಸು ತಗೋಬಾರದು. ಖರ್ಚನ್ನ ಸರ್ಕಾರ ಶಾಲೆಗೆ ತುಂಬಿಕೊಡಬೇಕು, ಆದರೆ ಸರ್ಕಾರಿ ಶಾಲೆಯಲ್ಲಿ ಒಂದು ಮಗುವಿಗೆ ಆಗೋ ಖರ್ಚಿನ ಮಿತಿಯೊಳಗೆ. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಎತ್ತಿಹಿಡಿಯಿತು. ಅಲ್ಪಸಂಖ್ಯಾತ ಶಾಲೆಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಅಂದ ಹಾಗೆ, ಮಹಾರಾಷ್ಟ್ರದಲ್ಲಿ ಕನ್ನಡಿಗರೂ ಭಾಷಾ ಅಲ್ಪಸಂಖ್ಯಾತರೇ. ಹಾಗಾಗಿ ಕನ್ನಡಿಗರು ಅಲ್ಪಸಂಖ್ಯಾತ ಮಾನ್ಯತೆ ಪಡೆದು ನಡೆಸೋ ಶಾಲೆಗೆ ಈ ಶೇ. 25ರ ಬಾಧ್ಯತೆ ಇರಲ್ಲ. ನಮ್ಮವರು ಕಟ್ಟಿದ ಶಾಲೆಯಲ್ಲೇ ನಮ್ಮ ಬಡವರಿಗೆ ಈ ಹಕ್ಕು ಇಲ್ಲದ ಹಾಗಾಗಬಹುದು ಅನ್ನೋದು ವಿಚಿತ್ರವೇ, ಆದರೆ ಅದು ಬೇರೆ ವಿಡಿಯೊದ ವಿಷಯ.

ಈಗ ಕಿಲೋಮೀಟರಿನ ಕಥೆಗೆ ಬರೋಣ. ಒಂದರಿಂದ ಐದನೇ ಕ್ಲಾಸಿಗೆ ಒಂದು ಕಿಲೋಮೀಟರ್, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್. ಕೇಂದ್ರದ ನಿಯಮಗಳಲ್ಲಿ ಈ ಸಂಖ್ಯೆ ಬಂದದ್ದು ಮಗುವನ್ನ ಕಟ್ಟಿಹಾಕೋಕೆ ಅಲ್ಲ, ಸರ್ಕಾರವನ್ನ ಕಟ್ಟಿಹಾಕೋಕೆ. ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಮಗುವಿನ ನೆರೆಹೊರೆಯಲ್ಲಿ ಶಾಲೆ ಇಲ್ಲದಿದ್ದರೆ ಮೂರು ವರ್ಷದೊಳಗೆ ಸರ್ಕಾರ ಅಲ್ಲಿ ಶಾಲೆ ತೆರೆಯಬೇಕಿತ್ತು. ಅಂದ್ರೆ ಕಿಲೋಮೀಟರ್ ಅನ್ನೋದು ಸರ್ಕಾರದ ಮೇಲಿನ ಸಾಲ, ಮಗುವಿಗೆ ಸಿಕ್ಕ ಭರವಸೆ. ಇದನ್ನ ನೆನಪಿಟ್ಟುಕೊಳ್ಳಿ, ಯಾಕಂದ್ರೆ ಮುಂದೆ ಇದೇ ಸಂಖ್ಯೆ ತಲೆಕೆಳಗಾಗುತ್ತೆ.

ಅರ್ಜಿ ಹಾಕೋದು ಹೇಗೆ ಅಂದ್ರೆ, ಮಹಾರಾಷ್ಟ್ರದ ಆರ್‌ಟಿಇ ಪೋರ್ಟಲ್‌ನಲ್ಲಿ ಪಾಲಕರು ಗೂಗಲ್ ಮ್ಯಾಪ್ ಮೇಲೆ ತಮ್ಮ ಮನೆಗೆ ಪಿನ್ ಹಾಕಬೇಕು. ಪಿನ್ನಿಂದ ಶಾಲೆಗೆ ನೇರ ಗೆರೆಯ ದೂರ ಲೆಕ್ಕ ಆಗುತ್ತೆ, ರಸ್ತೆಯ ದೂರ ಅಲ್ಲ. ಹತ್ತು ಶಾಲೆ ಆರಿಸಬಹುದು. ಒಂದು ಕಿಲೋಮೀಟರ್ ಒಳಗಿನವರಿಗೆ ಮೊದಲ ಆದ್ಯತೆ, ಆಮೇಲೆ ಒಂದರಿಂದ ಮೂರು, ಸೀಟಿಗಿಂತ ಅರ್ಜಿ ಜಾಸ್ತಿ ಇದ್ದರೆ ಲಾಟರಿ. 2024, 2025ರ ಸುತ್ತುಗಳು ನಡೆದದ್ದು ಹೀಗೆ.

ಮ್ಯಾಪ್ ಮೇಲೆ ಕೆಲಸ ಮಾಡಿದ ಯಾರಿಗಾದರೂ ಇಲ್ಲಿ ಏನು ಎಡವಟ್ಟಾಗುತ್ತೆ ಅಂತ ಹೇಳಬೇಕಾಗಿಲ್ಲ. ಒಂದು ಕಿಲೋಮೀಟರ್ ತ್ರಿಜ್ಯದ ವೃತ್ತ ಅಂದ್ರೆ 3.14 ಚದರ ಕಿಲೋಮೀಟರ್. ಮೂರು ಕಿಲೋಮೀಟರ್ ಅಂದ್ರೆ ಅದರ ಒಂಬತ್ತು ಪಟ್ಟು. ಹಾಗಾಗಿ ಪಿನ್ 950 ಮೀಟರಿನಲ್ಲಿ ಬಿತ್ತಾ 1050 ಮೀಟರಿನಲ್ಲಿ ಬಿತ್ತಾ ಅನ್ನೋದು ಬರೀ ನೂರು ಮೀಟರಿನ ವ್ಯತ್ಯಾಸ ಅಲ್ಲ. ಎಂಟು ಪಟ್ಟು ದೊಡ್ಡ ಜಾಗದ ಸರದಿಯಲ್ಲಿ ಹೋಗಿ ನಿಲ್ಲೋ ಮಾತು. ಇನ್ನು ವೃತ್ತಕ್ಕೆ ನದಿ, ಗುಡ್ಡ, ರೈಲ್ವೆ ಹಳಿ ಯಾವುದೂ ಕಾಣಲ್ಲ. ವಾಕಡ್ ಕಡೆ ಇರೋವರು ಯೋಚನೆ ಮಾಡಿ: ಮುಂಬೈ–ಬೆಂಗಳೂರು ಹೈವೇ, ನಾವು ದೀಪಾವಳಿಗೆ ಬೆಳಗಾವಿ, ಹುಬ್ಬಳ್ಳಿ ದಾಟಿ ಊರಿಗೆ ಹೋಗೋ ಅದೇ ಹೈವೇ, ನಡುವೆ ಹಾದುಹೋಗುತ್ತೆ. ಆ ಕಡೆಯ ಶಾಲೆ ನೇರ ಗೆರೆಯಲ್ಲಿ 600 ಮೀಟರ್ ಇದ್ದರೂ ಭೂಮ್ಕರ್ ಚೌಕದ ಕೆಳಗೆ ನುಗ್ಗಿ ಆರು ವರ್ಷದ ಮಗು ನಡೆದುಹೋಗೋಕೆ ಆಗುತ್ತಾ? ಈ ಕಡೆ ಒಂದೂವರೆ ಕಿಲೋಮೀಟರ್ ದೂರದ, ಒಳರಸ್ತೆಯಲ್ಲಿ ನಡೆದುಹೋಗಬಹುದಾದ ಶಾಲೆಗೆ ಮಾತ್ರ ಎರಡನೇ ಆದ್ಯತೆ.

ಪಿನ್ ಸರಿಸೋವರೂ ಇದ್ದಾರೆ, ಅದನ್ನ ಮುಚ್ಚಿಡೋದು ಬೇಡ. ಸುಳ್ಳು ಬಾಡಿಗೆ ಕರಾರು, ಸುಳ್ಳು ಆದಾಯ ಪ್ರಮಾಣಪತ್ರ ಕೊಟ್ಟು ಸೀಟು ಪಡೆದ ಅನುಕೂಲಸ್ಥರ ಮೇಲೆ ಪುಣೆಯಲ್ಲೇ ಪೊಲೀಸ್ ಕೇಸ್ ಆಗಿದೆ.

ಕಿಲೋಮೀಟರ್ ತಲೆಕೆಳಗಾದ ಕಥೆ ಶುರುವಾಗೋದು, ಹೇಳೋಕೆ ಬೇಜಾರು, ನಮ್ಮ ಕರ್ನಾಟಕದಿಂದ. ಕೇರಳದಲ್ಲಿ ಮೊದಲೇ ಇಂಥ ನಿಯಮ ಇತ್ತು, ಆದರೆ ಅದನ್ನ ದೊಡ್ಡ ಪ್ರಮಾಣದಲ್ಲಿ, ಆಗಲೇ ಸಿಗುತ್ತಿದ್ದ ಸೀಟುಗಳನ್ನ ವಾಪಸ್ ತೆಗೆದುಕೊಳ್ಳೋ ಹಾಗೆ ಬಳಸಿದ್ದು ನಾವು. ಕರ್ನಾಟಕದಲ್ಲಿ ನೆರೆಹೊರೆ ಅಂದ್ರೆ ವೃತ್ತ ಅಲ್ಲ. ಹಳ್ಳಿಯಲ್ಲಿ ಕಂದಾಯ ಗ್ರಾಮ, ನಗರದಲ್ಲಿ ವಾರ್ಡು. 2019ರ ಆರಂಭದ ತಿದ್ದುಪಡಿ ಏನು ಹೇಳಿತು ಅಂದ್ರೆ, ಆ ವಾರ್ಡಿನಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಗೆ ಆರ್‌ಟಿಇ ಮಕ್ಕಳನ್ನ ಕಳಿಸಲ್ಲ. ಬೆಂಗಳೂರಿನ ಯಾವ ವಾರ್ಡಿನಲ್ಲಿ ಒಂದಾದರೂ ಸರ್ಕಾರಿ ಅಥವಾ ಅನುದಾನಿತ ಶಾಲೆ ಇಲ್ಲ? ಹಿಂದಿನ ವರ್ಷ ಒಂದೂವರೆ ಲಕ್ಷದಷ್ಟಿದ್ದ ಸೀಟುಗಳು ಇಪ್ಪತ್ತು ಸಾವಿರದ ಒಳಗೆ ಬಂದವು. ಪಾಲಕರು ಕೋರ್ಟಿಗೆ ಹೋದರು. 2019ರ ಮೇ ಕೊನೆಯಲ್ಲಿ ಕರ್ನಾಟಕ ಹೈಕೋರ್ಟ್ ತಿದ್ದುಪಡಿ ಸರಿ ಅಂತು. ಸರ್ಕಾರದ ವಾದ ತೀರಾ ತಳ್ಳಿಹಾಕೋ ಹಾಗಿರಲಿಲ್ಲ: ನಮ್ಮ ಶಾಲೆಗಳು ಖಾಲಿಯಾಗ್ತಿವೆ, ಅದೇ ಹೊತ್ತಿಗೆ ಖಾಸಗಿಯವರಿಗೆ ನೂರಾರು ಕೋಟಿ ಕೊಡ್ತಿದ್ದೀವಿ, ಆ ದುಡ್ಡನ್ನ ನಮ್ಮ ಶಾಲೆಗೇ ಹಾಕಬಾರದೇಕೆ? ಒಳ್ಳೆ ಪ್ರಶ್ನೆ. ಆದರೆ ಆ ದುಡ್ಡು ಸರ್ಕಾರಿ ಶಾಲೆಗೆ ಹೋಯ್ತಾ ಅನ್ನೋದು ಅದಕ್ಕಿಂತ ಒಳ್ಳೆ ಪ್ರಶ್ನೆ.

ಐದು ವರ್ಷ ಆದ ಮೇಲೆ ಮಹಾರಾಷ್ಟ್ರ ಹೆಚ್ಚುಕಡಿಮೆ ಅದೇ ದಾರಿ ಹಿಡೀತು. 2024ರ ಫೆಬ್ರವರಿ 9ರ ಅಧಿಸೂಚನೆ: ಸರ್ಕಾರಿ ಅಥವಾ ಅನುದಾನಿತ ಶಾಲೆಯ ಒಂದು ಕಿಲೋಮೀಟರ್ ಒಳಗಿರೋ ಖಾಸಗಿ ಶಾಲೆಗೆ ಶೇ. 25ರ ಬಾಧ್ಯತೆ ಇಲ್ಲ. ಪುಣೆ, ಪಿಂಪರಿ–ಚಿಂಚವಡದಂಥ ಊರಲ್ಲಿ ಇದರ ಅರ್ಥ ಬಹುತೇಕ ಎಲ್ಲ ಖಾಸಗಿ ಶಾಲೆಗಳೂ ಹೊರಗೆ.

ಏಪ್ರಿಲ್‌ನಲ್ಲಿ ಪೋರ್ಟಲ್ ತೆರೀತು. ನಮ್ಮ ಬಿಲ್ಡಿಂಗ್‌ನಲ್ಲಿ ಅಡುಗೆ ಮಾಡೋ ಯಾದಗಿರಿ ಕಡೆಯ ಅಕ್ಕ ಒಬ್ಬರ ಮಗಳಿಗೆ ಅರ್ಜಿ ತುಂಬೋಕೆ ನಾನು ಲ್ಯಾಪ್‌ಟಾಪ್ ಹಿಡ್ಕೊಂಡು ಕೂತಿದ್ದೆ. ಪಿನ್ ಹಾಕಿದ ಮೇಲೆ ಬಂದ ಪಟ್ಟಿಯಲ್ಲಿ ಬರೀ ಜಿಲ್ಲಾ ಪರಿಷತ್ ಮತ್ತು ಪಾಲಿಕೆ ಶಾಲೆಗಳು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸರ, ಈ ಸಾಲಿಗಿ ಫಾರಂ ಯಾಕ್ ತುಂಬಬೇಕ್ರಿ? ನಡಕೋತ ಹೋಗಿ ಹೆಸರ ಹಚ್ಚಿದ್ರ ಸಾಕಲ್ರಿ?" ಅಲ್ವಾ ಮತ್ತೆ. ಕೇಳಿದ ಯಾರಿಗಾದರೂ ಪ್ರವೇಶ ಕೊಡಬೇಕಾದ ಸರ್ಕಾರಿ ಶಾಲೆಯ ಸೀಟಿಗೆ ಆನ್‌ಲೈನ್ ಲಾಟರಿ!

ನಾನು ಆಗ ಹೇಳಿದೆ, "ಅಕ್ಕ, ಮರಾಠಿ ಶಾಲೆಗೇ ಹಾಕಿದ್ರೆ ಏನಾಗುತ್ತೆ, ಹತ್ತಿರ ಇದೆಯಲ್ಲ?" ಅವರ ಉತ್ತರ ಯಾವ ಶಿಕ್ಷಣ ತಜ್ಞರ ಬಾಯಲ್ಲೂ ನಾನು ಇಷ್ಟು ಸ್ಪಷ್ಟವಾಗಿ ಕೇಳಿಲ್ಲ. "ಮರಾಠಿ ಬ್ಯಾಡ ಅನ್ನಂಗಿಲ್ರಿ ಸರ. ಖರೆ ನಾಳಿ ಕೆಲಸ ಬಿಟ್ಟು ಊರಿಗಿ ಹೋಗಬೇಕಾದ್ರ ಹುಡುಗಿ ಅಲ್ಲಿ ಹ್ಯಾಂಗ್ ಓದ್ತಾಳ? ಕನ್ನಡ ಸಾಲಿ ಇಲ್ಲಿ ಹತ್ರ ಇಲ್ಲ. ಇಂಗ್ಲೀಷ್ ಆದ್ರ ಎಲ್ಲಿ ಹೋದ್ರೂ ನಡೀತದ." ಸಾಫ್ಟ್‌ವೇರ್ ಭಾಷೆಯಲ್ಲಿ ನಾವು ಪೋರ್ಟೆಬಿಲಿಟಿ ಅಂತೀವಲ್ಲ, ಅದು ಇದೇ. ಕಂಪನಿ ಯಾವಾಗ ಚೆನ್ನೈಗೋ ಹೈದರಾಬಾದಿಗೋ ಹಾಕುತ್ತೋ ಅಂತ ನಾವು ನಮ್ಮ ಮಕ್ಕಳನ್ನ ಸಿಬಿಎಸ್‌ಇಗೆ ಸೇರಿಸೋದೂ ಇದೇ ಕಾರಣಕ್ಕೆ. ವೃತ್ತ ಎಳೆದವರು ದೂರ ಮಾತ್ರ ಅಳೆದರು, ಶಾಲೆ ಯಾವ ಭಾಷೆಯದು ಅಂತ ಅಳೀಲಿಲ್ಲ.

ಇದು ಒಬ್ಬರ ಅಭಿಪ್ರಾಯ ಅಲ್ಲ ಅನ್ನೋದಕ್ಕೆ ಆ ವರ್ಷದ ಅಂಕಿ ನೋಡಿ. ಹೊಸ ನಿಯಮದಲ್ಲಿ ಸರ್ಕಾರಿ ಶಾಲೆಗಳೂ ಪಟ್ಟಿಗೆ ಸೇರಿದ್ದರಿಂದ ರಾಜ್ಯದಲ್ಲಿ 76 ಸಾವಿರ ಶಾಲೆ, 8.86 ಲಕ್ಷ ಸೀಟು. ಅರ್ಜಿ ಬಂದದ್ದು ಸುಮಾರು 69 ಸಾವಿರ. ಮೇ 6ಕ್ಕೆ ಬಾಂಬೆ ಹೈಕೋರ್ಟ್ ತಡೆ ಕೊಟ್ಟಿತು. ಹಳೇ ನಿಯಮದಲ್ಲಿ ಮತ್ತೆ ಅರ್ಜಿ ಕರೆದರು. ಈ ಸಲ ಸುಮಾರು 9,200 ಶಾಲೆ, 1.05 ಲಕ್ಷ ಸೀಟು. ಅರ್ಜಿ 2.42 ಲಕ್ಷ. ಸೀಟು ಎಂಟು ಪಟ್ಟು ಕಡಿಮೆಯಾದಾಗ ಅರ್ಜಿ ಮೂರೂವರೆ ಪಟ್ಟು ಜಾಸ್ತಿಯಾಯ್ತು. ಎ/ಬಿ ಟೆಸ್ಟ್ ಅಂತ ಆಫೀಸಲ್ಲಿ ಮಾಡ್ತೀವಲ್ಲ, ಅದೇ ರಾಜ್ಯ, ಅದೇ ಪಾಲಕರು, ಒಂದೇ ತಿಂಗಳ ಅಂತರ. ಇದಕ್ಕಿಂತ ಚೆನ್ನಾಗಿ ಯಾರೂ ಟೆಸ್ಟ್ ಮಾಡೋಕಾಗಲ್ಲ. ಮುಂದಿನ ವರ್ಷ, 2025–26ಕ್ಕೆ, ಅರ್ಜಿ ಮೂರು ಲಕ್ಷ ದಾಟಿತು. ಪುಣೆ ಜಿಲ್ಲೆಯೊಂದರಲ್ಲೇ ಸುಮಾರು 18 ಸಾವಿರ ಸೀಟಿಗೆ 60 ಸಾವಿರಕ್ಕೂ ಹೆಚ್ಚು.

ಜುಲೈ 19ಕ್ಕೆ ಹೈಕೋರ್ಟ್ ಆ ತಿದ್ದುಪಡಿಯನ್ನೇ ರದ್ದು ಮಾಡಿತು. ತರ್ಕ ಸರಳ: ಕಾಯ್ದೆ ಷರತ್ತಿಲ್ಲದೆ ಕೊಟ್ಟದ್ದನ್ನ ಅದರ ಕೆಳಗಿನ ನಿಯಮ ಕಿತ್ತುಕೊಳ್ಳೋಕೆ ಆಗಲ್ಲ. ಈ ನಡುವೆ ಶಾಲೆಗಳು ಆ ಸೀಟುಗಳಿಗೆ ಫೀಸು ಕೊಡೋ ಮಕ್ಕಳನ್ನ ಸೇರಿಸಿಕೊಂಡಿದ್ದವು. ಅವರನ್ನ ಕದಲಿಸಬೇಡಿ, ಬೇಕಾದರೆ ಸೀಟು ಹೆಚ್ಚಿಸಿಕೊಂಡು ಶೇ. 25 ತುಂಬಿ ಅಂತ ಕೋರ್ಟ್ ಹೇಳಿತು. ಆಗಸ್ಟ್‌ನಲ್ಲಿ ಶಾಲೆಗಳ ಮೇಲ್ಮನವಿಯನ್ನ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಹೆಚ್ಚುಕಡಿಮೆ ಒಂದೇ ಥರದ ನಿಯಮ ಬೆಂಗಳೂರಿನಲ್ಲಿ ಸರಿ, ಮುಂಬೈನಲ್ಲಿ ತಪ್ಪು! ನನಗೆ ಮುಂಬೈ ತೀರ್ಪೇ ಸರಿ ಅನ್ನಿಸುತ್ತೆ.

ಕೋರ್ಟು ಗೆದ್ದಿದ್ದು ಸರಿ, ಆದರೆ ಆರು ವರ್ಷದ ಮಗುವಿಗೆ ಕ್ಯಾಲೆಂಡರ್ ಬೇರೆ. ಶಾಲೆ ಶುರುವಾಗೋದು ಜೂನ್ ಮಧ್ಯದಲ್ಲಿ. ಲಾಟರಿ ಆದದ್ದು ಜೂನ್ ಮೊದಲ ವಾರ, ಪಟ್ಟಿ ಹೊರಗೆ ಬಂದದ್ದು ತೀರ್ಪಿನ ನಂತರ. ಆ ಅಕ್ಕ ಮಗಳನ್ನ ಜೂನ್‌ನಲ್ಲಿ ಹತ್ತಿರದ ಮರಾಠಿ ಶಾಲೆಗೆ ಹಾಕಿಬಿಟ್ಟಿದ್ದರು, ಮನೇಲಿ ಕೂರಿಸೋಕಾಗುತ್ತಾ? ಜುಲೈನಲ್ಲಿ ವೇಟಿಂಗ್ ಲಿಸ್ಟ್ ಅಂತ ಬಂತು. ಆಗಸ್ಟ್‌ನಲ್ಲಿ ಸೀಟು ಸಿಕ್ತು, ಇಂಗ್ಲೀಷ್ ಮೀಡಿಯಂ. ಎರಡು ತಿಂಗಳಲ್ಲಿ ಎರಡು ಶಾಲೆ, ಎರಡು ಯೂನಿಫಾರಂ, ಕನ್ನಡ ಮಾತಾಡೋ ಮಗುವಿಗೆ ಎರಡು ಹೊಸ ಭಾಷೆ. ಸ್ಕೂಲ್ ಬಸ್ಸಿನ ಖರ್ಚು ಆರ್‌ಟಿಇಯಲ್ಲಿ ಬರಲ್ಲ. ಅಪ್ಪ ಸೈಕಲ್ ಮೇಲೆ ಬಿಟ್ಟುಬರ್ತಾರೆ.

ಇನ್ನೊಂದು ಕಡೆಯ ವಾದ. ನಮ್ಮ ಸೊಸೈಟಿಗಳಲ್ಲಿ ಕೇಳೋದು ಇದೇ: "ನಾವ್ಯಾಕೆ ಬೇರೆಯವರ ಮಕ್ಕಳ ಫೀಸು ಕಟ್ಟಬೇಕು?" ಸಿಟ್ಟಾಗೋ ಬದಲು ಲೆಕ್ಕ ಹಾಕೋಣ. ಒಂದನೇ ಕ್ಲಾಸಿನಲ್ಲಿ ನೂರು ಸೀಟು, ಫೀಸು ವರ್ಷಕ್ಕೆ ಒಂದು ಲಕ್ಷ ಅಂತ ಇಟ್ಟುಕೊಳ್ಳಿ. ಮಹಾರಾಷ್ಟ್ರ ಸರ್ಕಾರ ಒಂದು ಮಗುವಿಗೆ ವರ್ಷಕ್ಕೆ ಕೊಡೋಕೆ ಒಪ್ಪಿದ್ದು 17,670 ರೂಪಾಯಿ. ಉಳಿದ 82,330ನ್ನ 25 ಮಕ್ಕಳಿಗೆ ಗುಣಿಸಿ, 75 ಜನಕ್ಕೆ ಹಂಚಿದರೆ ತಲೆಗೆ 27 ಸಾವಿರದ ಚಿಲ್ಲರೆ. ಸರ್ಕಾರ ಏನೂ ಕೊಡದಿದ್ದರೆ 33 ಸಾವಿರ. ಅಂದ್ರೆ ದೂರು ಪೂರ್ತಿ ಸುಳ್ಳಲ್ಲ. ಆದರೆ ಈ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ: ಒಂದು ಮಗು ಹೆಚ್ಚಾದರೆ ಶಾಲೆಗೆ ಪೂರ್ತಿ ಒಂದು ಲಕ್ಷ ಖರ್ಚು ಹೆಚ್ಚಾಗುತ್ತೆ ಅನ್ನೋದು. ಹಾಗಾಗಲ್ಲ. ಕಟ್ಟಡ, ಟೀಚರ್, ಲ್ಯಾಬ್ ಆಗಲೇ ಇರುತ್ತೆ. ಜೊತೆಗೆ, ಆರ್‌ಟಿಇ ಸೀಟು ಇಲ್ಲದಿದ್ದರೆ ಶಾಲೆ ನಮ್ಮ ಫೀಸು 27 ಸಾವಿರ ಇಳಿಸುತ್ತೆ ಅಂತ ನಂಬೋವರು ಇದ್ದರೆ ಕೈ ಎತ್ತಿ. ಅಲ್ಪಸಂಖ್ಯಾತ ಮಾನ್ಯತೆ ಇರೋ, ಆರ್‌ಟಿಇ ಇಲ್ಲದ ಶಾಲೆಗಳ ಫೀಸು ನೋಡಿದರೆ ಗೊತ್ತಾಗುತ್ತೆ. ನಿಜವಾದ ತಕರಾರು ಇರಬೇಕಾದದ್ದು ಸರ್ಕಾರದ ಮೇಲೆ. ಆ 17,670 ಕೂಡ ಹೊತ್ತಿಗೆ ಸರಿಯಾಗಿ ಬರಲ್ಲ, ನೂರಾರು ಕೋಟಿ ಬಾಕಿ ಇದೆ ಅಂತ ಶಾಲೆಗಳ ಸಂಘಗಳು ವರ್ಷಗಳಿಂದ ಹೇಳ್ತಾ ಬಂದಿವೆ. ಬಾಕಿ ಉಳಿಸಿಕೊಂಡವನು ತನ್ನ ಸಾಲ ತೀರಿಸೋ ಬದಲು ಸಾಲದ ಪತ್ರವನ್ನೇ ಹರಿಯೋಕೆ ಹೋದ ಹಾಗೆ ಆಯ್ತು 2024ರ ತಿದ್ದುಪಡಿ.

ಇದನ್ನೆಲ್ಲ ಕೇಳಿ ನೀವು ಹೇಳಬಹುದು, ಸರ್ಕಾರಿ ಶಾಲೆಗಳನ್ನ ಉಳಿಸೋಕೆ ಮಾಡಿದ್ದು ಅಂತ. ಹಾಗಿದ್ದರೆ ಇದನ್ನೂ ನೋಡಿ. ಆ ತಿದ್ದುಪಡಿಗೆ ಐದು ತಿಂಗಳು ಮೊದಲು, 2023ರ ಸೆಪ್ಟೆಂಬರ್‌ನಲ್ಲಿ, ಇದೇ ರಾಜ್ಯದ ಶಿಕ್ಷಣ ಆಯುಕ್ತರ ಕಚೇರಿಯಿಂದ ಪತ್ರ ಹೋಗಿತ್ತು: 20ಕ್ಕಿಂತ ಕಡಿಮೆ ಮಕ್ಕಳಿರೋ ಶಾಲೆಗಳನ್ನ ಸೇರಿಸಿ 'ಸಮೂಹ ಶಾಲೆ' ಮಾಡೋ ಪ್ರಸ್ತಾವ ಕಳಿಸಿ ಅಂತ. ಅಂಥ ಶಾಲೆಗಳು ರಾಜ್ಯದಲ್ಲಿ 14,700ಕ್ಕೂ ಹೆಚ್ಚು, ಓದೋ ಮಕ್ಕಳು 1.85 ಲಕ್ಷ. ಮಾದರಿಯಾಗಿ ತೋರಿಸಿದ ಎರಡರಲ್ಲಿ ಒಂದು ನಮ್ಮ ಪುಣೆ ಜಿಲ್ಲೆಯ ಪಾನಶೇತ್, ಮಳೆಗಾಲದಲ್ಲಿ ನಾವು ಟೀಮ್ ಔಟಿಂಗ್‌ಗೆ ಹೋಗೋ ಅದೇ ಡ್ಯಾಮಿನ ಊರು. ಇನ್ನೊಂದು ನಂದುರ್‌ಬಾರ್‌ನ ತೋರಣ್‌ಮಾಳ್. ಪಾನಶೇತ್‌ನಲ್ಲಿ ಸುತ್ತಲಿನ ವಾಡಿಗಳ ಸಣ್ಣ ಶಾಲೆಗಳ ಮಕ್ಕಳನ್ನ ಬಸ್ಸಿನಲ್ಲಿ ಒಂದೇ ಕಡೆ ತರ್ತಾರೆ. ಒಳ್ಳೆ ಕಟ್ಟಡ, ತರಗತಿಗೊಬ್ಬ ಟೀಚರ್, ಜೊತೆಗೆ ಆಡೋಕೆ ಮಕ್ಕಳು. ಏಳು ಮಕ್ಕಳಿಗೆ ಒಬ್ಬರೇ ಟೀಚರ್ ನಾಲ್ಕು ಕ್ಲಾಸು ಹೇಳೋದಕ್ಕಿಂತ ಇದು ಮೇಲು ಅನ್ನೋ ಪಾಲಕರಿದ್ದಾರೆ, ಅವರ ಮಾತಲ್ಲಿ ಹುರುಳಿದೆ. ಆದರೆ ಗುಡ್ಡದ ಊರಲ್ಲಿ ಬಸ್ಸು ಕೆಟ್ಟ ದಿನ ಶಾಲೆ ಇಲ್ಲ. ಆ ದಿನಗಳು ಜಾಸ್ತಿಯಾದರೆ ಮೊದಲು ಶಾಲೆ ಬಿಡೋದು ಹೆಣ್ಣುಮಕ್ಕಳು ಅನ್ನೋ ಭಯವೂ ಸುಳ್ಳಲ್ಲ. ಕರ್ನಾಟಕದಲ್ಲೂ 2025ರಿಂದ ಕೆಪಿಎಸ್ ಮ್ಯಾಗ್ನೆಟ್ ಶಾಲೆ ಹೆಸರಲ್ಲಿ ಇದೇ ಜಗಳ ನಡೀತಿದೆ.

ನಾನು ಹೇಳೋಕೆ ಹೊರಟಿದ್ದು ಇದು. ಪುಣೆಯ ಬಡ ಮಗು ಖಾಸಗಿ ಶಾಲೆ ಕೇಳಿದಾಗ, "ಒಂದು ಕಿಲೋಮೀಟರ್ ಒಳಗೆ ನಿನಗೆ ಸರ್ಕಾರಿ ಶಾಲೆ ಇದೆಯಲ್ಲ, ಅಲ್ಲಿಗೇ ಹೋಗು". ವಾಡಿಯ ಬಡ ಮಗು ಒಂದು ಕಿಲೋಮೀಟರ್ ಒಳಗಿನ ಸರ್ಕಾರಿ ಶಾಲೆಯಲ್ಲೇ ಕೂತಿದ್ದಾಗ, "ಇಲ್ಲಿ ಬೇಡ, ಬಸ್ ಹತ್ತು, ದೂರ ಹೋಗು". ಎರಡೂ ಸಲ ಕಿಲೋಮೀಟರ್ ಕೆಲಸ ಮಾಡಿದ್ದು ಸರ್ಕಾರದ ಖರ್ಚಿನ ಪರವಾಗಿ. ಅದನ್ನ ನಿಯಮಗಳಿಗೆ ಸೇರಿಸಿದ್ದು ಮಗುವಿನ ಪರವಾಗಿ.

ಎಂಟನೇ ಕ್ಲಾಸಿನ ನಂತರ ಏನು ಅಂತ ವಿಡಿಯೊ ಮಾಡುವಾಗ ಸ್ನೇಹಿತರೊಬ್ಬರು ಕೇಳಿದರು. ಒಂಬತ್ತಕ್ಕೆ ಪೂರ್ತಿ ಫೀಸು. ಎಂಟು ವರ್ಷ ಅದೇ ಬೆಂಚಿನಲ್ಲಿ ಕೂತ ಮಗು ಅಲ್ಲಿ ಇನ್ನೊಂದು ಗಡಿಗೆ ಬಂದು ನಿಲ್ಲುತ್ತೆ.

ಕೊನೆಗೆ, ನಿಮ್ಮ ಮನೆಗೆ ಬರೋ ಯಾರಿಗಾದರೂ ಸಹಾಯ ಮಾಡೋದಿದ್ದರೆ ಮೂರು ವಿಷಯ. ಕರ್ನಾಟಕದ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಮಹಾರಾಷ್ಟ್ರದ ಪೋರ್ಟಲ್‌ನಲ್ಲಿ ನಡೆಯಲ್ಲ. ನಮ್ಮ ಕಡೆಯಿಂದ ಬಂದವರು ಸಿಕ್ಕಿಹಾಕಿಕೊಳ್ಳೋದು ಹೆಚ್ಚಾಗಿ ಇಲ್ಲೇ. ಅವರಿಗೆ ಉಳಿಯೋದು ಸಾಮಾನ್ಯವಾಗಿ ವರ್ಷಕ್ಕೆ ಒಂದು ಲಕ್ಷದೊಳಗಿನ ಆದಾಯದ ದಾರಿ, ಅದಕ್ಕೆ ಇಲ್ಲಿನ ತಹಸೀಲ್ದಾರರ ಪ್ರಮಾಣಪತ್ರ ಬೇಕು. ಬಾಡಿಗೆ ಮನೆಯಾದರೆ ನೋಂದಾಯಿಸಿದ ಕರಾರು ಬೇಕು, ಅದೂ ಅರ್ಜಿಗೆ ಮೊದಲಿನ ತಾರೀಖಿನದು. ಒಂದು ರೂಮಿನ ಮನೆಯ ಮಾಲೀಕರು ಸುಲಭಕ್ಕೆ ಒಪ್ಪಲ್ಲ, ನೀವು ಜೊತೆಗೆ ಹೋಗಿ ಎರಡು ಮಾತು ಮರಾಠಿಯಲ್ಲಿ ಹೇಳಿದರೆ ಕೆಲವೊಮ್ಮೆ ಆಗುತ್ತೆ. ಇನ್ನು ಪಿನ್: ಮನೆಯ ಹತ್ತಿರ ನಿಂತು ಮೊಬೈಲ್‌ನಲ್ಲಿ ಲೊಕೇಶನ್ ತಗೊಳ್ಳಿ, ನಿಮ್ಮ ಫ್ಲ್ಯಾಟ್‌ನಲ್ಲಿ ಕೂತು ಅಂದಾಜಿಗೆ ಹಾಕಬೇಡಿ. 2025–26ರ ಅರ್ಜಿ ಜನವರಿ ಮಧ್ಯದಲ್ಲೇ ಶುರುವಾಗಿತ್ತು. ಆ ಲೆಕ್ಕದಲ್ಲಿ ಕಾಗದಪತ್ರದ ಓಡಾಟವನ್ನ ದೀಪಾವಳಿ ಮುಗಿಸಿ ಊರಿಂದ ಬಂದ ತಕ್ಷಣ ಶುರು ಮಾಡಿದರೆ ಒಳ್ಳೇದು, ತಹಸೀಲ್ ಕಚೇರಿಯಲ್ಲಿ ಡಿಸೆಂಬರ್ ಸಾಲು ಉದ್ದ ಇರುತ್ತೆ.